ಬೀರಮ್ಮನ ಜೊತೆ ಜಗಳಕ್ಕೆ ಜನವಿಲ್ಲ

ಕಟ್ಟೆಮಳಲವಾಡಿಯ ಬೀದಿ ನಲ್ಲಿಗೆ ನೀರು ಬಂದಾಗ ಮೊದಲ ಕೊಡ ಯಾರದು ಎಂಬ ಜಗಳ ಇಂದಿನದಲ್ಲ. ಮಂಗಳಗೌರಿ ದಿನಾ ಎದುರು ನಿಂತರೂ ಅದರಲ್ಲಿ ಚಿಕ್ಕಬೀರಮ್ಮನ ಗಂಟಲೇ ಮೇಲು. ನಾಟಿ ಹೆಂಗಸರ ಗುಂಪು ಕಟ್ಟಿಕೊಂಡು ಗದ್ದೆ ಗದ್ದೆಗೆ ಕರೆದೊಯ್ಯುವವಳು. ಬಾಯಿ ಇಲ್ಲದೆ ಆಗುತ್ತದೆಯೇ?

ಬೇಸಿಗೆಯಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮೈಸೂರಿನ ಡಾಕ್ಟರು ಮಗ ಚಲುವರಾಜುವನ್ನು ಪಕ್ಕಕ್ಕೆ ಕರೆದು, ಲಿವರ್ ಕ್ಯಾನ್ಸರ್ ಹರಡಿದೆ, ಇನ್ನು ವಾಸಿಯಾಗುವುದಿಲ್ಲ ಎಂದರು. ಅವನು ತಾಯಿಗೆ ಹೇಳಿದ್ದು ಗ್ಯಾಸ್ ತೊಂದರೆ ಅಂತ. ಊರಿಗೆಲ್ಲ ಮಾತ್ರ ನಿಜ ಹೇಳಿದ. ಎಂಥ ಬುದ್ಧಿವಂತ ನೋಡಿ.

ಅಂದಿನಿಂದ ಬೀರಮ್ಮ ಮಂಚ ಇಳಿಯುವಂತಿಲ್ಲ. ನಾಟಿ ಗುಂಪಿನವರು ಬಂದರೆ ಚಲುವರಾಜು ಬಾಗಿಲಲ್ಲೇ ಅಡ್ಡ ನಿಂತು ವಾಪಸು ಕಳಿಸುತ್ತಿದ್ದ. ನಾಲೆಗೆ ನೀರು ಬರುವ ಹೊತ್ತು. ಯಾರ ಗದ್ದೆ ಮೊದಲು ಎಂದು ಹೇಳುವವರಿಲ್ಲದೆ ಗುಂಪು ಒಡೆಯುವುದರಲ್ಲಿತ್ತು.

ಮನೆಗೇ ಬಂದು ನೋಡಿಕೊಳ್ಳುವ ನರ್ಸ್ ಕಾವ್ಯಶ್ರೀ ನೋವಿಗೆ ಮಾತ್ರೆ ಕೊಟ್ಟಿದ್ದಳು. ಅದು ಸಾವನ್ನು ಬೇಗ ತರುತ್ತದೆಂದು ಯಾರೋ ಹೇಳಿದ್ದು ಕೇಳಿ ಚಲುವರಾಜು ಬಚ್ಚಿಟ್ಟಿದ್ದ. ಮತ್ತೆ ಬಂದಾಗ ಕಾವ್ಯಶ್ರೀ ಚೆನ್ನಾಗಿ ಬೈದಳು. ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದು ಪ್ರಾಣ ತೆಗೆಯುವುದಿಲ್ಲ, ನೋವು ತೆಗೆಯುತ್ತದೆ ಎಂದು ಬಿಡಿಸಿ ಹೇಳಿದಳು. ಅವ್ವನಿಗೆ ನಿಜವನ್ನೂ ಹೇಳಿ ಎಂದಳು.

"ನಿಜ ಕೇಳಿದ್ರೆ ಅವ್ವ ಎದೆ ಒಡ್ಕಂಡು ಇವತ್ತೇ ಓಯ್ತಾಳೆ ಕಣ್ರೀ ಸಿಸ್ಟರ್."

ಒಳಗಿನಿಂದ ಬೀರಮ್ಮ ಕೂಗಿದಳು. "ಲೇ ಚಲುವ, ಒಳಿಕ್ ಬಾ. ನಂಗೊತ್ತು ಕಣ್ಲಾ."

ಯಾರು ಹೇಳಿದರು ಎಂದು ಅವನು ತೊದಲಿದ.

"ಯಾರ್ ಏಳ್ಬೇಕು? ಆ ಮಂಗಳಗೌರಿ ನಲ್ಲಿ ತಾವ ನಮ್ಮ ಕೊಡ ಮೊದ್ಲು ಇಡುಸ್ತಾವ್ಳೆ. ನಾ ಈ ಊರ್ಗೆ ಬಂದಾಗ್ಲಿಂದ ಒಂದಿನ ಬುಟ್ಟವ್ಳಲ್ಲ. ಅವತ್ತೇ ಅಂದ್ಕಂಡೆ, ಇದು ಗ್ಯಾಸಲ್ಲ ಅಂತ. ಬದ್ಕಿರೋಳ ಜೊತೆ ಜಗಳಾನೂ ಆಡ್ದೆ ಬುಟ್ರೆ ನಾ ಯಾಕ್ಲಾ ಇರ್ಬೇಕು?"

ಚಲುವರಾಜು ಮಂಚದ ಕಾಲು ಹಿಡಿದು ಅತ್ತ. ಅವಳು ಮಲಗಿದಲ್ಲಿಂದಲೇ ಅವನ ತಲೆ ಸವರಿದಳು. ಏನು ಮಾಡಬೇಕೆಂದಿದ್ದೀರಿ ಎಂದು ಕಾವ್ಯಶ್ರೀ ಕೇಳಿದಾಗ ಬೀರಮ್ಮ ಸೊಸೆ ಪವಿತ್ರಳ ಕಡೆ ಕೈ ತೋರಿಸಿದಳು.

"ಗುಂಪು ಒಡೀಬಾರ್ದು ಕಣವ್ವ. ಇವ್ಳಿಗೆ ಕೈಯದೆ, ಬಾಯಿಲ್ಲ. ಬಾಯಿ ಕಲ್ಸ್‌ಬುಟ್ಟು ಓಯ್ತೀನಿ."

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡ ಮೇಲೆ ನೋವು ತಗ್ಗಿತು, ಕೂರುವ ತ್ರಾಣ ಬಂತು. ನಾಟಿಯ ದಿನ ಚಲುವರಾಜುವೇ ಬದುವಿನ ಮೇಲೆ ಕುರ್ಚಿ ಹಾಕಿ, ತಾಯಿಯನ್ನು ಕೂರಿಸಿ, ಕೊಡೆ ಹಿಡಿದು ನಿಂತ. ಮಂಗಳಗೌರಿ ಬಂದು ತಮ್ಮ ಗದ್ದೆಯೇ ಮೊದಲಾಗಬೇಕೆಂದಳು. ಪವಿತ್ರಾ ಅತ್ತೆಯ ಮುಖ ನೋಡಿದಳು. ಅತ್ತೆ ಮೋಡ ನೋಡುತ್ತಿದ್ದಳು.

"ನಾಲೆ ಕೊನೇಲಿರೋರ ಗದ್ದೇಲಿ ನೀರು ನಿಲ್ಲಕ್ಕಿಲ್ಲ, ಅವರ್ದೇ ಮೊದ್ಲು. ನಿಮ್ದು ನಾಳಿಕೆ ಕಣಕ್ಕ. ಆಗ್ದಿದ್ರೆ ನೀವೇ ನೆಟ್ಕಳಿ," ಎಂದಳು ಪವಿತ್ರಾ.

"ಅತ್ತೆಗಿಂತ ಸೊಸೆ ಬಾಯಿ ಜೋರಾಯ್ತು. ಇದೇನಾ ಬೀರಮ್ಮ ನೀ ಕಲ್ಸಿದ್ದು?" ಮಂಗಳಗೌರಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಊಂ ಕಣೆ, ಇದ್ನೇ," ಎಂದಳು ಬೀರಮ್ಮ. ಬೇಸಿಗೆಯಿಂದೀಚೆಗೆ ಅವ್ವ ನಕ್ಕಿದ್ದನ್ನು ಚಲುವರಾಜು ಅಂದೇ ಕಂಡದ್ದು.

ನಿಮ್ಮ ಮನೆಯಲ್ಲೂ ವಾಸಿಯಾಗದ ಕಾಯಿಲೆಯವರಿದ್ದರೆ ಕೇಳಿ. ಅವರಿನ್ನೂ ಸತ್ತಿಲ್ಲ. ಅವರು ತಿಳಿಯಬಯಸಿದಷ್ಟು ನಿಜ ಹೇಳಿ. ನೋವಿನ ಮಾತ್ರೆ ಬಚ್ಚಿಡಬೇಡಿ. ಮನೆಗೇ ಬರುವ ಆರೈಕೆ ನಿಮ್ಮ ಕಡೆ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಏನು ಮಾಡಬೇಕೆಂಬ ಆಸೆಯಿದೆ ಎಂದು ಅವರನ್ನೇ ಕೇಳಿ, ಅದಕ್ಕೆ ದಾರಿ ಬಿಡಿ. ಅವರು ಬೈದರೆ ಸುಮ್ಮನಿರಬೇಡಿ, ತಿರುಗಿ ಬೈಯಿರಿ.