ಒಂದೇ ಗಂಟು

ಸೈಕಲ್ಲನ್ನು ವಿಮಾನಕ್ಕೆಂದು ಪೆಟ್ಟಿಗೆಯಲ್ಲಿ ಕಟ್ಟುವುದೆಂದರೆ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ದಾರಿಯಲ್ಲಿ ಯಾರು ಎತ್ತುತ್ತಾರೋ ಯಾರು ಒಗೆಯುತ್ತಾರೋ ನಮ್ಮ ಕೈಯಲ್ಲಿಲ್ಲ, ಗಟ್ಟಿ ಮಾಡಿ ಕಳಿಸುವುದಷ್ಟೇ ನಮ್ಮದು. ಈ ಮಾತು ಕೇಳಿದಾಗೆಲ್ಲ ನನಗೆ ಮೈಯುರಿಯುತ್ತಿತ್ತು. ಮದುವೆಯಾಗಿ ನನ್ನನ್ನು ವಿಜಯಪುರದಿಂದ ಮುಂಬೈಗೆ ತಂದಾಗ ಜನರಲ್ ಡಬ್ಬಿಯಲ್ಲಿ ರಾತ್ರಿಯಿಡೀ ನಿಂತು ಬಂದಿದ್ದೆ. ಯಾರೂ ನನಗೆ ಫೋಮು ಸುತ್ತಿರಲಿಲ್ಲ.

ಅವರ ಹೆಸರು ಗುರಲಿಂಗಪ್ಪ. ಪರೇಲಿನ ದೊಡ್ಡದೊಂದು ಸೈಕಲ್ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಮಿಸ್ತ್ರಿ. ಹಿಂದೆ ಗಿರಣಿ ಇದ್ದ ಜಾಗದಲ್ಲಿ ಈಗ ನಲವತ್ತು ಮಾಳಿಗೆಯ ಬಿಲ್ಡಿಂಗುಗಳು. ಅಲ್ಲಿನ ಸಾಹೇಬರು ಸೈಕಲ್ ಹೊಡೆಯಲು ವಿಮಾನ ಹತ್ತಿ ಲಡಾಖಿಗೋ ಯುರೋಪಿಗೋ ಹೋಗುತ್ತಾರೆ. ಅವರ ಸೈಕಲ್ಲುಗಳನ್ನೆಲ್ಲ ಪೆಟ್ಟಿಗೆಗೆ ಹಾಕುವವರು ನಮ್ಮವರು. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಚಕ್ರದ ಗಾಳಿ ಅರ್ಧ ಇಳಿಸಿ, ಗೇರಿಗೆ ಹಳೇ ಬಟ್ಟೆ ಸುತ್ತುತ್ತಾರೆ. ಕೊನೆಗೆ ಸಣ್ಣ ಸಾಮಾನುಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಆ ಗಂಟನ್ನು ಸೈಕಲ್ಲಿನ ಮೈಗೇ ಬಿಗಿಯುತ್ತಾರೆ. ಪೆಡಲ್ಲು, ಬೋಲ್ಟುಗಳು, ಚಕ್ರ ಹಿಡಿದು ನಿಲ್ಲಿಸುವ ಬೆರಳು ಗಾತ್ರದ ಎರಡು ಸರಳು ಎಲ್ಲ ಅದರಲ್ಲೇ. ಆ ಸರಳಿಗೆ ಆಕ್ಸಲ್ ಎನ್ನುತ್ತಾರೆ. ಹದಿನಾಲ್ಕು ವರ್ಷದಲ್ಲಿ ಒಂದು ಬೋಲ್ಟು ಕಳೆಯಿತೆಂಬ ದೂರು ಬಂದಿರಲಿಲ್ಲ. ಓದು ಬರೆಹ ಇಲ್ಲದ ಮನುಷ್ಯನಿಗೆ ಅದೇ ಒಂದು ಡಿಗ್ರಿ.

ನಮ್ಮ ಮಗಳು ಶಿವಕುಮಾರಿ ಹುಟ್ಟಿದ್ದು ಬೆಳೆದದ್ದು ಎಲ್ಲ ಸಯನ್ನಿನ ಚಾಳಿನಲ್ಲೇ, ಮಾತು ಅರ್ಧ ಹಿಂದಿ. ಆದರೆ ಸೈಕಲ್ ರೇಸಿನ ಹುಚ್ಚು ನಮ್ಮ ವಿಜಯಪುರದ ನೆಲದ್ದು, ಅಪ್ಪನ ರಕ್ತದಲ್ಲಿ ಬಂದಿತ್ತು. ನಸುಕಿನಲ್ಲಿ ಹೈವೇ ಖಾಲಿ ಇರುವಾಗ ಅವಳು ತುಳಿಯುತ್ತಿದ್ದಳು, ಅಪ್ಪ ಹಿಂದಿನಿಂದ ಯಾರದೋ ಸ್ಕೂಟರಿನಲ್ಲಿ. ಹೋದ ಡಿಸೆಂಬರಿನಲ್ಲಿ ಗುವಾಹಟಿಯಲ್ಲಿ ಆಯ್ಕೆಯ ರೇಸಿತ್ತು. ಆರು ಹುಡುಗಿಯರನ್ನು ಆರಿಸಿ ಶಿಬಿರಕ್ಕೆ ಇಟ್ಟುಕೊಂಡು ಊಟ, ವಸತಿ, ಓದು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಜನವರಿಗೆ ಅವಳ ವಯಸ್ಸು ಮೀರುತ್ತಿತ್ತು. ಅಂದರೆ ಇದೇ ಕೊನೆ. ಅಂಗಡಿಯ ಮಾಲಕ ಅನುರಾಗ್ ಸೇಠ್ ಯಾರೋ ಬಿಟ್ಟುಹೋದ ಒಳ್ಳೆಯ ಸೈಕಲ್ಲೊಂದನ್ನು ಅವಳಿಗೆ ಕೊಟ್ಟಿದ್ದರು.

ಹೊರಡುವ ಹಿಂದಿನ ದಿನ ಸಂಜೆ ಪೆಟ್ಟಿಗೆ ಮನೆಗೆ ಬಂತು. ನಮ್ಮ ಒಂದು ಖೋಲಿಯಲ್ಲಿ ಅದನ್ನು ಇಟ್ಟ ಮೇಲೆ ಕಾಲು ಚಾಚಲು ಜಾಗ ಉಳಿಯಲಿಲ್ಲ. ನಮ್ಮವರು ನನ್ನ ಹಳೇ ಇಳಕಲ್ ಸೀರೆ ಹರಿದು ಗಂಟು ಕಟ್ಟಿ, ಪೆಟ್ಟಿಗೆ ಮುಚ್ಚಿ, ಟೇಪು ಸುತ್ತಿ, ತೂಗುವ ಕೊಕ್ಕೆಗೆ ಹಾಕಿ ನೋಡಿದರು.

"ಬರೋಬ್ಬರಿ ಮೂವತ್ತ ಕಿಲೋ. ಇನ್ನ ಒಂದ ಸೂಜಿ ಹಾಕಬಾರದು ಇದರಾಗ. ಕೇಳಿಸ್ತೇನ, ಸೋಮಿ?"

ಕೇಳಿಸಿತ್ತು. ಆದರೆ ಹಿಂದಿನ ಸಲ ಪುಣೆಗೆ ರೇಸಿಗೆ ಹೋದವಳು ಹೋಟೆಲ್ಲಿನ ಅನ್ನ ಸೇರದೆ ವಾಂತಿ ಮಾಡಿ, ಕಣ್ಣು ಗುಳಿಬಿದ್ದು ಬಂದಿದ್ದಳು. ಅವಳ ಹೊಟ್ಟೆಯ ಚಿಂತೆ ಯಾರಿಗಿತ್ತು? ಕೋಚ್ ಸಾಧನಾ ಮೇಡಂ ಒಂದು ಪಟ್ಟಿ ಕೊಟ್ಟಿದ್ದರು, ಬಾಳೆಹಣ್ಣು, ಮೊಟ್ಟೆ, ಎಂಥದೋ ಪುಡಿ. ಇವರಿಗೆ ಗೇರಿನ ಚಿಂತೆ. ನಾನು ಎರಡು ದಿನದಿಂದ ಕದ್ದು ಕಟಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದೆ. ಬುತ್ತಿ ಇಲ್ಲದೆ ಮಕ್ಕಳನ್ನು ಊರಿಗೆ ಕಳಿಸುವುದು ನಮ್ಮಲ್ಲಿ ಸತ್ತ ಮನೆಯಿಂದ ಮಾತ್ರ.

ಬೆಳಿಗ್ಗೆ ಅವರು ನಲ್ಲಿಯ ಪಾಳಿಗೆ ಹೋದಾಗ, ಮಗಳು ಸ್ನಾನಕ್ಕೆ ಹೋದಾಗ, ನಾನು ಟೇಪು ಬಿಚ್ಚಿದೆ. ಪೆಟ್ಟಿಗೆಯಲ್ಲಿ ಬೆರಳು ತೂರಲೂ ಸಂದಿಯಿಲ್ಲ. ಅವರ ಗಂಟು ನೇತಾಡುವಲ್ಲಿ ಮಾತ್ರ ಸ್ವಲ್ಪ ಜಾಗ. ಆ ಗಂಟನ್ನು ಬಿಚ್ಚಿದೆ. ಸೀರೆಯ ಉಳಿದ ಅರ್ಧ ಹಾಸಿ, ತಳಕ್ಕೆ ಅವರ ಕಬ್ಬಿಣದ ಸಾಮಾನು, ಅದರ ಮೇಲೆ ಚಟ್ನಿಯ ಡಬ್ಬಿ, ಅದರ ಮೇಲೆ ರೊಟ್ಟಿ ಇಟ್ಟು ಎಲ್ಲ ಸೇರಿಸಿ ಒಂದೇ ಗಂಟು ಮಾಡಿ, ಅದೇ ದಾರದಿಂದ ಅದೇ ಜಾಗಕ್ಕೆ ಬಿಗಿದೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಎಂದುಕೊಂಡೆ. ಇಳಿದ ಮೇಲೆ ಫೋನಿನಲ್ಲಿ ಹೇಳಿದರಾಯಿತು, ಬಾಯಲ್ಲಿ ಬೈದರೂ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ ಎಂದಿತ್ತು.

ಟೆಂಪೋದಲ್ಲಿ ಮೇಡಂ, ನಾಲ್ಕು ಹುಡುಗಿಯರು, ನಾಲ್ಕು ಪೆಟ್ಟಿಗೆ. ನಮಗೆ ಜಾಗವಿರಲಿಲ್ಲ. ಸಯನ್ ಸರ್ಕಲ್ ತನಕ ಟೆಂಪೋದ ಹಿಂದೆ ನಡೆದು ಹೋಗಿ ನಮ್ಮವರು ವಾಪಸ್ಸು ಬಂದರು. ತಾಸೆರಡು ಕಳೆದ ಮೇಲೆ ಬಶಿಯಲ್ಲಿ ಚಹಾ ಹುಯ್ದು ಕೊಟ್ಟೆ. ಆಗ ನನ್ನ ಫೋನು ರಿಂಗಾಯಿತು. ಅಂಧೇರಿಯ ಏರ್‌ಪೋರ್ಟಿನಿಂದ ಮಗಳು.

"ಅವ್ವಾ, ಯೇ ಕ್ಯಾ ಕಿಯಾ ತೂನೇ? ಪೆಟ್ಟಿಗಿ ಓವರ್‌ವೇಟ್ ಆತು. ಮೇಡಂ ಎಲ್ಲಾರ ಮುಂದ ಬೈದ್ರು. ಗಂಟಿನ ಸಂದ್ಯಾಗ ರೊಟ್ಟಿ ಕಂಡ್ವು! ಪೂರಾ ಲೈನ್ ನಗಾಕತ್ತಿತ್ತು."

"ಗಂಟು ಎಲ್ಲಿ ಐತಿ?"

"ಕೊಟ್ಟಬಿಟ್ಟೆ. ಇಲ್ಲೆ ಕಸ ಹೊಡಿಯೂ ಅಕ್ಕಾ ಒಬ್ಬಾಕಿ ಕನ್ನಡ ಮಾತಾಡಿದ್ಲು, ಗುರುಬಾಯಿ ಅಂತ. ಖೋಲಾ ಭೀ ನಹೀ, ಬಿಚ್ಚದ ಹಂಗ ಕೊಟ್ಟೆ. ಖುಷಿ ಆದ್ಲು ಪಾಪ. ಪೆಟ್ಟಿಗಿ ಒಳಗ ಹೋತು. ಮೇಡಂ ಕರೀತಾರ, ಇಡ್ತೀನಿ."

"ನಿಲ್ಲ ಶಿವೂ," ಎಂದೆ. ಅವಳು ನಿಂತಳು. ನಿಜ ಹೇಳುತ್ತೇನೆ, ಅವಳು ನಿಂತಳು. ಗುರುಬಾಯಿ ಇನ್ನೂ ಅಲ್ಲೇ ಇದ್ದಿರಬೇಕು, ಪೊರಕೆ ಹಿಡಿದು, ನನ್ನ ಸೀರೆಯ ತುಂಡು ಕಂಕುಳಲ್ಲಿ ಇಟ್ಟುಕೊಂಡು. ಗಂಟು ವಾಪಸ್ಸು ತಗೋ ಎಂಬ ಒಂದು ಮಾತು ಸಾಕಿತ್ತು.

ಎದುರಿಗೆ ನಮ್ಮವರು ಬಶಿ ಕೆಳಗಿಟ್ಟು ಹುಬ್ಬಿನಲ್ಲೇ ಏನಂತೆ ಎಂದು ಕೇಳುತ್ತಿದ್ದರು. ಹೊಡೆಯುವ ಗಂಡಸಲ್ಲ ಅವರು, ಒಂದು ದಿನವೂ ಕೈ ಎತ್ತಿದವರಲ್ಲ. ಆ ಬೆಳಿಗ್ಗೆ ಅವರ ಮುಖದಲ್ಲಿ ಇದ್ದ ಹಿಗ್ಗನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ಅದನ್ನು ನನ್ನ ಬಾಯಿಂದ ಆರಿಸಲು ನನಗೆ ಹೆದರಿಕೆಯಾಯಿತು. ಬೋಲ್ಟು ತಾನೆ, ಗುವಾಹಟಿಯಲ್ಲಿ ಸೈಕಲ್ ಅಂಗಡಿ ಇರುವುದಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

"ಏನಿಲ್ಲ, ಹುಷಾರ ಹೋಗು," ಎಂದು ಫೋನ್ ಇಟ್ಟೆ. ಅವರಿಗೆ, "ಆರಾಮ ಮುಟ್ಯಾರಂತ," ಎಂದೆ.

ಸಂಜೆ ಅವರ ಫೋನಿಗೆ ವಿಡಿಯೋ ಬಂತು. ನೆಲದ ಮೇಲೆ ಬಿಚ್ಚಿದ ಪೆಟ್ಟಿಗೆ, ಅದರ ಹಿಂದೆ ಮಗಳ ಮುಖ.

"ಅಪ್ಪಾ, ಆಕ್ಸಲ್ ಕಹಾಂ ಹೈ? ಗಂಟ ಇಲ್ಲ. ಪೆಡಲ್ಲೂ ಇಲ್ಲ. ಎಲ್ಲಾ ತಗದ ನೋಡಿದೆ."

"ಸೈಕಲ್ಲಿಗೇ ಕಟ್ಟೇನಲ್ಲ, ನೋಡ."

"ಅದು ಅವ್ವನ ರೊಟ್ಟಿ ಗಂಟು. ಉಸ್‌ಮೇ ತೋ ರೊಟ್ಟಿ ಥೀ."

ಅವರು ನನ್ನ ಕಡೆ ತಿರುಗಿದರು. ರೊಟ್ಟಿಯ ಸುದ್ದಿ ಅವರಿಗೆ ಆಗಷ್ಟೇ ತಿಳಿದದ್ದು, ಆದರೂ ಬೈಯಲಿಲ್ಲ. ಮೆಲ್ಲಗೆ ಕೇಳಿದರು.

"ಸೋಮಿ, ನೀ ಪೆಟ್ಟಿಗಿ ತಗದಾಗ ಅದರಾಗ ನನ್ನ ಗಂಟ ಇತ್ತೇನ?"

"ಇಲ್ಲ," ಎಂದೆ. "ನಾ ಕಂಡಿಲ್ಲ."

ಬೆಳಿಗ್ಗೆ ನುಂಗಿದ ಮಾತು ಸಂಜೆಯ ಹೊತ್ತಿಗೆ ಸುಳ್ಳಾಗಿ ಹೊರಬಿತ್ತು, ಅಷ್ಟೆ. ಅವರು ತಮ್ಮ ಕೈಗಳನ್ನೇ ನೋಡುತ್ತ ಕುಳಿತರು. ಆ ವಾರ ಹನ್ನೊಂದು ಪೆಟ್ಟಿಗೆ ಕಟ್ಟಿದ್ದರು. ಕೈಗೆ ರೂಢಿಯಾದ ಕೆಲಸ ನೆನಪಿನಲ್ಲಿ ಉಳಿಯುವುದಿಲ್ಲ. ಸೀರೆ ಹರಿದದ್ದು ಗಂಟಿಗೋ ಗೇರಿಗೆ ಸುತ್ತಲೋ, ಮಗಳ ಗಂಟು ಕಟ್ಟಿದ್ದು ನೆನಪೋ, ಬೇರೆ ಹತ್ತರಲ್ಲಿ ಯಾವುದೋ ಒಂದರ ನೆನಪೋ ಅವರಿಗೇ ತಿಳಿಯಲಿಲ್ಲ. "ಮರತೇನ ಹಂಗಾರ," ಎಂದರು.

ಅಲ್ಲಿನ ಮಿಸ್ತ್ರಿ ಬೇರೆಯವರ ಸರಳು ಹಾಕಿ ನೋಡಿದನಂತೆ. ಒಂದು ಉದ್ದ ಸಾಲದು, ಇನ್ನೊಂದರ ಥ್ರೆಡ್ಡು ಕೂರದು. ಮರುದಿನ ಅವಳು ಯಾರದೋ ಎತ್ತರದ ಸೈಕಲ್ ತುಳಿದು ಒಂಬತ್ತನೆಯವಳಾಗಿ ಬಂದಳು. ಆರು ಜನರನ್ನು ತೆಗೆದುಕೊಂಡರು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಪ್ಪನಿಗೆ ಹೇಳಿದಳು, "ದುನಿಯಾ ಭರ್ ಕಾ ಸೈಕಲ್ ಕಟ್ತಿ. ನಂದ ಒಂದ ಆಗಲಿಲ್ಲ ನಿನಗ." ಅವರು ಹೂಂ ಎಂದರು. ಆಮೇಲೆ ಅವಳು ಅವರ ಜೊತೆ ಮಾತು ಬಿಟ್ಟಳು. ಸೈಕಲ್ ಅಂಗಡಿಗೆ ವಾಪಸ್ಸಾಯಿತು. ಈಗ ಅಂಧೇರಿಯ ಒಂದು ಆಫೀಸಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಮಾಡುತ್ತಾಳೆ.

ಅಂಗಡಿಯಲ್ಲಿ ನಮ್ಮವರು ಟೇಪು ಹಚ್ಚಿದ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ ನೋಡತೊಡಗಿದರಂತೆ. ಒಂದೊಂದನ್ನು ಮೂರು ಸಲ, ನಾಲ್ಕು ಸಲ. ಒಬ್ಬ ಸಾಹೇಬರಿಗೆ ವಿಮಾನವೇ ತಪ್ಪಿತು. ಕೊನೆಗೆ ನಮ್ಮವರೇ ಸೇಠರ ಮುಂದೆ ನಿಂತು, ನನಗೆ ಪಂಕ್ಚರ್ ಕೆಲಸ ಕೊಡ್ರಿ, ಪೆಟ್ಟಿಗೆ ಬೇಡ ಎಂದು ಕೇಳಿಕೊಂಡರು. ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ಅವತ್ತು ನನಗೆ ತಡೆಯಲಾಗಲಿಲ್ಲ.

ಮೊದಲು ಗುರುಬಾಯಿಯನ್ನು ಹುಡುಕಿಕೊಂಡು ಹೋದೆ. ಸಾಮಾನು ಸಿಕ್ಕರೆ ಅದೇ ಸಾಕ್ಷಿಯಾದೀತು ಎಂದು. ಏರ್‌ಪೋರ್ಟಿನ ಬಾಗಿಲಲ್ಲಿ ಬಂದೂಕಿನವನು ತಿಕೀಟು ಕೇಳಿದ. ಕೆಲಸದವರು ಹೊರಬರುವ ದಾರಿಯಲ್ಲಿ ಎರಡು ದಿನ ನಿಂತೆ. ಆ ಕಂತ್ರಾಟಿನವರು ಬಿಟ್ಟುಹೋದರು, ಈಗಿನವರು ಬೇರೆ ಎಂದರು.

ಆ ಭಾನುವಾರ ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ. ಗಂಟು ಬಿಚ್ಚಿದ್ದು, ತಳಕ್ಕೆ ಇಟ್ಟದ್ದು, ಫೋನಿನಲ್ಲಿ ಬಾಯಿ ಮುಚ್ಚಿದ್ದು. ಮಗಳು ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಅವ್ವಾ, ಬಸ್ ಕರ್. ನೀ ಯಾವಾಗಲೂ ಅಪ್ಪನ್ನ ಹಿಂಗ ಬಚಾವ್ ಮಾಡ್ತಿ."

ಅದೂ ಸುಳ್ಳಲ್ಲ. ಅವರು ಕುಡಿದು ಬಂದ ದಿನ ಜ್ವರ ಎಂದಿದ್ದೇನೆ, ಇವಳ ಫೀಸು ತಡವಾದಾಗ ನಾನೇ ಮರೆತೆ ಎಂದಿದ್ದೇನೆ. ನಾನು ಅವರ ಕಡೆ ತಿರುಗಿ, "ನೀವರ ನಂಬ್ರಿ," ಎಂದೆ.

"ಅವತ್ತ ಕೇಳಿದೆನಲ್ಲ ನಿನ್ನ," ಎಂದರು. "ಕಂಡಿಲ್ಲ ಅಂದಿ. ಆಗ ನಿನಗ ನನ್ನ ಮ್ಯಾಲೆ ಕರುಣಾ ಬಂದಿರಲಿಲ್ಲ, ಖರೇ ಹೇಳಿದಿ. ಈಗ ನನ್ನ ನೋಡಲಾರದ ಹೇಳಾಕತ್ತಿ."

ನನಗೆ ಹುಚ್ಚು ಹಿಡಿದಂತಾಯಿತು. ಎದ್ದು ಹೋಗಿ ಮಗಳ ನೆತ್ತಿಯ ಮೇಲೆ ಕೈಯಿಟ್ಟು, "ಇಕಿ ಆಣಿ, ನಾನ ಮಾಡೇನಿ," ಎಂದೆ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ನನ್ನ ಕೈ ಹಿಡಿದು ಕಿತ್ತು ಒಗೆದರು. "ನನ್ನ ತಪ್ಪ ಮುಚ್ಚಾಕ ಮಗಳ ತಲಿ ಮ್ಯಾಲೆ ಸುಳ್ಳ ಆಣಿ ಮಾಡ್ತಿಯೇನ?" ಎಂದು ಕೂಗಿದರು. ಚಾಳಿನವರು ಬಾಗಿಲಿಗೆ ಬಂದರು. ಮಗಳು ಅಳುತ್ತ ಅಪ್ಪನ ತೋಳು ಹಿಡಿದು ಕೂರಿಸಿದಳು, ಎಷ್ಟೋ ತಿಂಗಳ ಮೇಲೆ ಅವರನ್ನು ಅಪ್ಪಾ ಎಂದು ಕರೆದಳು. ಆ ಮಾತು ಮತ್ತೆ ಎತ್ತುವುದಿಲ್ಲವೆಂದು ಇಬ್ಬರೂ ನನ್ನಿಂದ ಭಾಷೆ ತೆಗೆದುಕೊಂಡರು. ನಾನು ಕೊಟ್ಟೆ.