ಮುಟ್ಟಿದ ಕುದುರೆ

೧

ಎಲ್ಲಿಂದ ಎತ್ತಿಕೊಳ್ಳಲಿ? ಆಸ್ಪತ್ರೆಯಿಂದ ಶುರುಮಾಡಿದರೆ ಈಗಲೇ ಕರವಸ್ತ್ರ ಹುಡುಕುತ್ತೀರಿ. ಚೆಸ್‌ನಿಂದ ಶುರುಮಾಡಿದರೆ ಅರ್ಧ ಜನ ಎದ್ದು ಹೋಗುತ್ತೀರಿ. ಸರಿ, ಎರಡನ್ನೂ ಒಟ್ಟಿಗೆ ತುರುಕುತ್ತೇನೆ: ಲಕ್ವ ಹೊಡೆದು ಚೇತರಿಸಿಕೊಂಡ ಆಲ್ದೀಸ್, ಐಸ್‌ಲ್ಯಾಂಡಿನ ಹೂಸಾವಿಕ್ ಬಂದರಿನ ಚೆಸ್ ಕ್ಲಬ್ಬಿನಲ್ಲಿ ಮತ್ತೆ ಸ್ಪರ್ಧೆಗೆ ಕೂತಿದ್ದಾಳೆ. ತನ್ನ ತಲೆ ಮೊದಲಿನಂತಿದೆಯೋ ಇಲ್ಲವೋ, ಅವಳಿಗೆ ಇವತ್ತೇ ಗೊತ್ತಾಗಬೇಕು.

೨

ಎದುರಿಗೆ ಹಳೇ ಗೆಳೆಯ ಕೇತಿಲ್. ಅವನ ಒಂಟೆ ಓರೆಯಲ್ಲಿ ಬಂದು ಅವಳ ರಾಜನ ಮೇಲೆ ಕಣ್ಣಿಟ್ಟಿತು. ಚೆಕ್. ಸ್ಪರ್ಧೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಲ್ದೀಸ್ ಗಮನಿಸಲೇ ಇಲ್ಲ. ದೂರದ ಮೂಲೆಯಲ್ಲಿದ್ದ ಕುದುರೆಗೆ ಕೈ ಹಾಕಿದಳು.

(ಮೊದಲ ಡ್ರಾಫ್ಟಿನಲ್ಲಿ ಅವಳು ಇಲ್ಲೇ ಅಳುತ್ತಾ ಕೋಟು ಹಾಕಿಕೊಂಡು ಹೊರಟಿದ್ದಳು. "ಏನಯ್ಯಾ, ಬೇಕಾದ್ರೆ ಸೋಲಿಸು, ಪೆದ್ದಿ ಮಾತ್ರ ಮಾಡ್ಬೇಡ!" ಎಂದು ನನಗೇ ಉಗಿದಳು. ಹರಿದು ಹಾಕಿದೆ.)

೩

"ನಿಂಗೆ ಚೆಕ್ ಇದೆ ಕಣೇ," ಎಂದ ಕೇತಿಲ್. "ಮುಟ್ಟಿದ್ದನ್ನೇ ನಡೆಸ್ಬೇಕು, ಮರ್ತ್ಯಾ?"

ಆಲ್ದೀಸ್ ಆಗಷ್ಟೇ ಒಂಟೆಯನ್ನು ನೋಡಿದಳು. ಚೆಕ್ಕೇ ಕಾಣಲಿಲ್ಲವೆಂದರೆ ತಲೆ ಕೆಟ್ಟಿತೆಂದೇ ಲೆಕ್ಕ. ಆದರೂ ಒಂದೊಂದಾಗಿ ನೋಡುತ್ತಾ ಹೋದಳು: ರಾಜ ಪಕ್ಕಕ್ಕೆ ಸರಿಯಬೇಕು, ಇಲ್ಲವೇ ನಡುವೆ ಯಾರಾದರೂ ಅಡ್ಡ ನಿಲ್ಲಬೇಕು, ಅದೂ ಆಗದಿದ್ದರೆ ಆ ಹಾಳು ಒಂಟೆಯನ್ನೇ ಹೊಡೆಯಬೇಕು. ಅಷ್ಟು ದೂರದಿಂದ ಕುದುರೆ ಅಡ್ಡ ಬರಲಾರದು. ಒಂಟೆಯನ್ನು ಹೊಡೆಯಲೂ ಆಗದು.

ತಟ್ಟನೆ ಕೈ ತೆಗೆದಳು.

"ಈ ಕುದುರೆ ಎಲ್ಲಿಗೆ ಹೋದ್ರೂ ಚೆಕ್ ತಪ್ಪಲ್ಲ ಕಣೋ. ಚೆಕ್ ತಪ್ಪಿಸ್ದೇ ಇರೋ ನಡೆ ನಡೆಯೇ ಅಲ್ಲ, ಅಂದ್ಮೇಲೆ ಮುಟ್ಟಿದ್ದು ಲೆಕ್ಕಕ್ಕಿಲ್ಲ. ನಂಗೇ ರೂಲ್ಸ್ ಹೇಳ್ಕೊಡ್ತೀಯಾ?"

ಕೇತಿಲ್ ತೀರ್ಪುಗಾರನ ಮುಖ ನೋಡಿದ. ಆತ ತಲೆಯಾಡಿಸಿದ. "ಅವಳು ಹೇಳಿದ್ದೇ ಸರಿ. ಬೇರೆ ಕಾಯಿ ನಡೆಸ್ಬಹುದು."

ಆಲ್ದೀಸ್ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿ, "ಉಸ್ಸಪ್ಪಾ!" ಎಂದಳು. ದನಿ ಏರಿಸಕೂಡದ ಆ ಹಾಲ್‌ನಲ್ಲಿ, ಹಿಂದಿನ ಮೇಜಿನಲ್ಲಿ ಅಲ್ಲಿನ ರೂಢಿಯಂತೆ ಒಣಮೀನಿಗೆ ಬೆಣ್ಣೆ ಸವರಿ ತಿನ್ನುತ್ತಿದ್ದವರೂ ತಿರುಗಿ ನೋಡಿದರು. ಅವಳಿಗೆ ನಾಚಿಕೆಯೇ ಆಗಲಿಲ್ಲ. ಖುಷಿಗೆ ಕಣ್ಣು ತುಂಬಿಬಂದಿತ್ತು. (ನನಗೂ. ಬರೆಯುವವನು ಹೀಗೆಲ್ಲ ಒಪ್ಪಿಕೊಳ್ಳಬಾರದಂತೆ, ಹೋಗಲಿ ಬಿಡಿ.)

೫

(ನಾಲ್ಕರಲ್ಲಿ ಡಾಕ್ಟರ ಭಾಷಣವಿತ್ತು. ಕಿತ್ತು ಹಾಕಿದೆ.)

ಯಾರು ಗೆದ್ದರು ಎನ್ನುತ್ತೀರಾ? ಅವಳು ಗೆಲ್ಲುವುದೊಂದು, ಸೋಲುವುದೊಂದು, ಡ್ರಾ ಆಗುವುದೊಂದು, ಮೂರೂ ಬರೆದಿಟ್ಟಿದ್ದೇನೆ. ಯಾವುದು ಬೇಕೆಂದು ಅವಳನ್ನೇ ಕೇಳಲು ಹೋದೆ. ಬೋರ್ಡಿನಿಂದ ತಲೆ ಎತ್ತಲಿಲ್ಲ.

"ಸುಮ್ನೆ ಆಚೆ ಹೋಗು ಮಾರಾಯ," ಎಂದಳು. "ಯೋಚ್ನೆ ಮಾಡ್ತಿದೀನಿ."