ತಡೆಗೋಡೆಯ ಕಲ್ಲು

"ಅದೊಂದು ಕಲ್ಲು ನನಗೆ ಕೊಟ್ಟುಬಿಡು, ಎಲ್ವಿನ್," ಎಂದಳು ಮೆನ್ನಾ. "ಬೇರೇನೂ ಕೇಳಲ್ಲ."

ಗಾರೆ ಕೆಲಸದ ಎಲ್ವಿನ್ ಕರಣೆಯನ್ನು ಬಕೆಟ್ಟಿನ ಅಂಚಿಗೆ ಒರೆಸಿದ. ಹುಲ್ಲಿನ ಮೇಲೆ ಜೋಡಿಸಿಟ್ಟ ಕಲ್ಲುಗಳಲ್ಲಿ ಅವಳು ಯಾವುದನ್ನು ಕೇಳುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅದರ ಮಗ್ಗುಲಿಗೆ ಪಿಕಪ್ ಗಾಡಿಯ ಕೆಂಪು ಬಣ್ಣ ಇನ್ನೂ ಮೆತ್ತಿಕೊಂಡಿತ್ತು. ಕುರಿಗಳು ಮರಿ ಹಾಕುವ ಕಾಲದಲ್ಲಿ, ಮಾರ್ಚಿನ ಒಂದು ಮುಂಜಾನೆ, ಅವಳ ಗಂಡ ಇಥೆಲ್, ಗಾಡಿ ಸಮೇತ ಈ ಸೇತುವೆಯ ತಡೆಗೋಡೆ ಒಡೆದುಕೊಂಡು ಹೊಳೆಗೆ ಬಿದ್ದು ಸತ್ತಿದ್ದ.

"ಕೊಡೋ ಹಾಗಿಲ್ಲ ಕಣಮ್ಮ. ಮುನ್ನೂರು ವರ್ಷದ ಸೇತುವೆ. ಪ್ರತಿ ಕಲ್ಲೂ ಇದ್ದ ಜಾಗಕ್ಕೇ ಹೋಗಬೇಕು ಅಂತ ಕಾನೂನು. ಇಲಾಖೆಯೋರು ಫೋಟೋ ಹಿಡ್ಕೊಂಡು ಬಂದು ನೋಡ್ತಾರೆ."

"ಅವನ ಸಮಾಧಿ ಹತ್ರ ಇಡೋಣ ಅಂತಿದ್ದೆ."

ಎಲ್ವಿನ್ ತಲೆ ತಗ್ಗಿಸಿ ಗಾರೆ ಕಲೆಸತೊಡಗಿದ.

ಆಚೆ ದಡದಿಂದ ಅತ್ತೆ ಮಾರ್ಗೆಡ್ ಕೋಲೂರಿಕೊಂಡು ಬರುತ್ತಿದ್ದಳು. ಮಗ ಹೋದಮೇಲೆ ಅವಳು ಈ ಸೇತುವೆಯ ಮೇಲೆ ಕಾಲಿಟ್ಟಿರಲಿಲ್ಲ. ಪ್ರಾರ್ಥನೆಗೂ ಕೆಳಗಿನ ಊರನ್ನು ಬಳಸಿಕೊಂಡೇ ಹೋಗುತ್ತಿದ್ದಳು.

"ಏನದು, ಜಗಳ?"

"ಜಗಳ ಅಲ್ಲ ಅತ್ತೆ. ಈ ಕಲ್ಲು ಕೇಳ್ತಿದ್ದೆ."

"ತಗೊಂಡ್ಹೋಗಿ? ಅಷ್ಟು ಜೋರಾಗಿ ಯಾಕೆ ಬಂದ ಅಂತ ದಿನಾ ಅದನ್ನ ಕೇಳ್ತೀಯಾ? ಅದಕ್ಕೇನು ಗೊತ್ತು? ನನ್ನ ಕೇಳು." ಮುದುಕಿ ಕಲ್ಲಿನ ಪಕ್ಕಕ್ಕೆ ಬಂದು ನಿಂತಳು. "ನಾನೇ ಫೋನ್ ಮಾಡಿದ್ದೆ. ಕುರಿ ಹೊಟ್ಟೇಲಿ ಮರಿ ಅಡ್ಡ ಸಿಕ್ಕಿಕೊಂಡಿತ್ತು. ಚಹಾ ಕುಡಿದು ಬರ್ತೀನಮ್ಮ ಅಂದ. ನಿನ್ನ ಚಹಾ ಹಾಳಾಗ, ಓಡಿ ಬಾ ಅಂದೆ."

ಮೆನ್ನಾ ಏಳುವಷ್ಟರಲ್ಲಿ ಅಂದು ಅವನು ಹೊರಟುಹೋಗಿದ್ದ. ಮೇಜಿನ ಮೇಲೆ ಅರ್ಧ ಲೋಟ ಚಹಾ ಉಳಿದಿತ್ತು. ಹಿಂದಿನ ದಿನ ತಾನಾಡಿದ ಮಾತಿಗೆ ಸಿಟ್ಟಾಗಿಯೇ ಹೇಳದೆ ಹೋದನೆಂದು, ಅದೇ ಸಿಟ್ಟಿನಲ್ಲಿ ಗಾಡಿ ಜೋರಾಗಿ ಓಡಿಸಿದನೆಂದು ಇಷ್ಟು ದಿನವೂ ಅವಳು ನಂಬಿದ್ದಳು.

"ಆವಾಗ್ಲೇ ಹೇಳಬಾರದಿತ್ತಾ ಅತ್ತೆ?" ಅವಳ ದನಿ ಕಣಿವೆಗೆಲ್ಲ ಕೇಳಿಸಿತು. "ನಾನು ಏನೇನು ಅಂದ್ಕೊಂಡೆ ಗೊತ್ತಾ ನಿಮಗೆ?"

"ಬಾಯಿ ಬರಲಿಲ್ಲ."

ಮೆನ್ನಾ ಕಲ್ಲಿನ ಕೆಂಪು ಬಣ್ಣದ ಮೇಲೆ ಬೆರಳಾಡಿಸಿದಳು.

"ಕುರಿ ಏನಾಯ್ತು?"

"ಸತ್ತುಹೋಯ್ತು. ಮರಿ ಉಳೀತು."

ಮೆನ್ನಾ ಕೋಟಿನ ತೋಳಿನಿಂದಲೇ ಮುಖ ಒರೆಸಿಕೊಂಡಳು. ಆಮೇಲೆ ಬಗ್ಗಿ ಕಲ್ಲಿನ ಒಂದು ತುದಿಗೆ ಕೈಹಾಕಿದಳು. ಎಲ್ವಿನ್ ಓಡಿಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಎತ್ತಿ, ತಡೆಗೋಡೆಯಲ್ಲಿ ಅದಿದ್ದ ಜಾಗದ ಹಸಿ ಗಾರೆಯ ಮೇಲೆ ಇಳಿಸಿದರು. ಅವನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿದ.

"ಇವತ್ತು ಹಿಮ ಕಟ್ಟುತ್ತೆ," ಎಂದ. "ಸುಣ್ಣದ ಗಾರೆ ಶೀತಕ್ಕೆ ಕೆಡುತ್ತೆ. ಮುಚ್ಚಿಡಬೇಕು."

ಅವನು ಬಿಡಿಸುತ್ತಿದ್ದ ಗೋಣಿತಾಟನ್ನು ಮಾರ್ಗೆಡ್ ಕೋಲು ಕೆಳಗಿಟ್ಟು ಕೈಗೆ ತೆಗೆದುಕೊಂಡಳು. ಕಲ್ಲಿನ ಮೇಲೆ ಹರಡಿದಾಗ ಗಾಳಿಗೆ ಆಚೆ ತುದಿ ಎದ್ದಿತು. ಮೆನ್ನಾ ಅದನ್ನು ಹಿಡಿದಳು. ಮುದುಕಿ ತನ್ನ ಕಡೆಯ ಅಂಚನ್ನು ಒಳಕ್ಕೆ ಸಿಕ್ಕಿಸಿ, ತಟ್ಟಿ, ಮತ್ತೆ ಬಿಚ್ಚಿ, ಇನ್ನೊಮ್ಮೆ ಸಿಕ್ಕಿಸಿದಳು. ಅವಳದು ಮುಗಿಯುವವರೆಗೆ ಮೆನ್ನಾ ತನ್ನ ತುದಿಯನ್ನು ಹಿಡಿದೇ ನಿಂತಿದ್ದಳು.